ನಿರಂಜನನ ಎಡಗಾಲು

ನಿರಂಜನನಿಗೆ ದೇವರು ಎಲ್ಲರಂತೆ ಎರಡು ಕಾಲು ಕೊಟ್ಟಿದ್ದ. ಅವುಗಳಲ್ಲಿ ಮೊದಲು ಹೆಜ್ಜೆ ಇಡುವ ಹಕ್ಕನ್ನು ಖಾಯಮ್ಮಾಗಿ ಎಡಗಾಲಿಗೆ ಕೊಟ್ಟವನು ಮಾತ್ರ ಡೋಲನ್ ಎಂಬ ಡ್ರಿಲ್ ಮಾಸ್ತರ.

ತಂದೆ ಡಾಕ್ಟರ್ ಚಂದ್ರಮೌಳಿ ಶಿಕಾಗೋದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಡೆಸ್ ಪ್ಲೇನ್ಸ್‌ಗೆ ಬಂದಾಗ ಹುಡುಗನಿಗೆ ಹನ್ನೆರಡು. ಹದಿಮೂರಕ್ಕೆ ಅವನು ಊರಿನ ಡ್ರಮ್ ಕೋರ್ ಸೇರಿದ. ಡ್ರಮ್ ಕೋರ್ ಎಂದರೇನು ಎಂದು ನಮ್ಮ ಕಡೆಯವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಮದುವೆ ವಾಲಗದವರಿಗೆ ಪೊಲೀಸ್ ಕವಾಯತು ಕಲಿಸಿ, ಫುಟ್‌ಬಾಲ್ ಮೈದಾನಕ್ಕೆ ಬಿಟ್ಟು, ಬೇರೆ ಊರಿನ ವಾಲಗದವರ ಜೊತೆ ಪಂದ್ಯ ಕಟ್ಟಿದರೆ ಹೆಚ್ಚುಕಡಿಮೆ ಅದೇ ಆಗುತ್ತದೆ.

ಪಂದ್ಯದ ತೀರ್ಪುಗಾರರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಪೈಕಿಯವರಲ್ಲ. ಕೈಯಲ್ಲಿ ರಟ್ಟು ಹಿಡಿದು ಪಕ್ಕದಲ್ಲೇ ನಡೆಯುತ್ತ, ತಪ್ಪಿಗೊಂದು ಗೀಟು ಎಳೆಯುತ್ತಾರೆ. ಗೀಟಿಗೆ ಪಾಯಿಂಟಿನ ಹತ್ತನೇ ಒಂದು ಭಾಗ ಖೋತಾ. ಒಂದು ಬೇಸಗೆಯಲ್ಲಿ ವಿಸ್ಕಾನ್ಸಿನ್‌ನಲ್ಲಿ ಇವರ ತಂಡ ಒಂದೇ ಒಂದು ಗೀಟಿನಿಂದ ಸೋತಿತು. ಅದು ಯಾರ ತಪ್ಪಿನ ಗೀಟು ಎಂದು ಯಾರಿಗೂ ಗೊತ್ತಾಗಲಿಲ್ಲ. ಹಾಗಾಗಿ ಬಸ್ಸಿನಲ್ಲಿದ್ದ ಪ್ರತಿಯೊಬ್ಬ ಹುಡುಗನೂ ಅದು ತನ್ನದೇ ಎಂದುಕೊಂಡು ಊರು ಬರುವ ತನಕ ಬಾಯಿ ಬಿಡಲಿಲ್ಲ. ನಿರಂಜನ ಅವತ್ತೇ ನಿರ್ಧಾರ ಮಾಡಿದ: ಇನ್ನು ಸತ್ತರೂ ಎಡಗಾಲೇ ಮೊದಲು.

ಇಪ್ಪತ್ತೊಂದು ತುಂಬಿದವರನ್ನು ತಂಡದಿಂದ ಕಳಿಸಿಬಿಡುತ್ತಾರೆ. ೧೯೭೧ರಲ್ಲಿ ಅವನನ್ನೂ ಕಳಿಸಿದರು. ಡ್ರಮ್ಮು ಹೋಯಿತು, ಡೋಲನ್ ಹೋದ, ಎಡಗಾಲು ಮಾತ್ರ ಹೋಗಲಿಲ್ಲ. ಎಲ್ಲಾದರೂ ಡ್ರಮ್ಮಿನ ಸದ್ದು ಕೇಳಿದರೆ ಸಾಕು, ಬೆನ್ನು ನೆಟ್ಟಗಾಗಿ ಎಡಗಾಲು ಮುಂದಕ್ಕೆ ಹೋಗುತ್ತಿತ್ತು. ಒಮ್ಮೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೇಡಿಯೋ ಹಾಕಿದ್ದರಿಂದ ಕುರ್ಚಿಯಿಂದಲೇ ಎದ್ದುಬಿಟ್ಟಿದ್ದ.

ಇದರಿಂದ ನಾಲ್ಕು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಅವನು ಛಾಯಾಳನ್ನು ಪ್ರೀತಿಸಿದ ಮೇಲೆ.

ಛಾಯಾಳ ಮನೆ ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ. ತಂದೆ ಶಿವಬಸಪ್ಪ, ಕಾರು ಕಂಪನಿಯಲ್ಲಿ ಇಂಜಿನಿಯರು. ಯುಗಾದಿ ಕೂಟದಲ್ಲಿ ಪರಿಚಯವಾಗಿ, ಫೋನಿನಲ್ಲಿ ಬೆಳೆದು, ಎರಡೂ ಮನೆಯವರು ಒಪ್ಪುವ ತನಕ ವಿಷಯ ಬಂದಿತ್ತು. ನಿರಂಜನನ ಆಸೆ ದೊಡ್ಡದೇನಲ್ಲ. ಛಾಯಾ ಬೇಕು, ಜೊತೆಗೆ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ತಾವಿಬ್ಬರೇ ಇರುವ ಒಂದು ಪುಟ್ಟ ಅಪಾರ್ಟ್‌ಮೆಂಟು ಬೇಕು. ಇಪ್ಪತ್ತೈದು ವರ್ಷ ಅಮ್ಮನ ಕಣ್ಣಳತೆಯಲ್ಲೇ ಬೆಳೆದವನಿಗೆ ಎರಡನೆಯ ಆಸೆಯೂ ಮೊದಲನೆಯದರಷ್ಟೇ ಗಟ್ಟಿಯಾಗಿತ್ತು. ಆ ಅಪಾರ್ಟ್‌ಮೆಂಟನ್ನು ಅವನು ಗುಟ್ಟಾಗಿ ಎರಡು ಸಲ ನೋಡಿಕೊಂಡೂ ಬಂದಿದ್ದ.

ಉಳಿದದ್ದು ಛಾಯಾಳ ಅಜ್ಜಿ ಶಿವಕ್ಕನ ಒಪ್ಪಿಗೆ ಮಾತ್ರ. ಜುಲೈ ನಾಲ್ಕರ ಅಮೆರಿಕದ ಸ್ವಾತಂತ್ರ್ಯ ದಿನದ ರಜಕ್ಕೆ ಹುಡುಗನ ಮನೆಯವರು ವಾರೆನ್‌ಗೆ ಬರುವುದೆಂದು ನಿಶ್ಚಯವಾಯಿತು. ಹಿಂದಿನ ಸಂಜೆ ಛಾಯಾ ಫೋನ್ ಮಾಡಿದಳು.

"ಲಿಸನ್. ಅಜ್ಜಿ ಬಾಗಿಲ ಹತ್ರಾನೇ ಕೂತಿರ್ತಾಳೆ. ರೈಟ್ ಫುಟ್ ಫಸ್ಟ್. ದಟ್ಸ್ ಆಲ್ ಐ ಆಸ್ಕ್."

"ಅಷ್ಟೇನಾ?"

"ಕ್ಲೀವ್‌ಲ್ಯಾಂಡ್‌ನಿಂದ ಒಬ್ಬ ಡಾಕ್ಟರ್ ಬಂದಿದ್ದ. ಲೆಫ್ಟ್ ಫುಟ್ ಇಟ್ಟ. ಕಾಫಿ ಕೂಡ ಸಿಗ್ಲಿಲ್ಲ."

ಫೋನ್ ಇಟ್ಟು ನಿರಂಜನ ಅಡುಗೆಮನೆಗೆ ಹೊರಟ. ಕೆಳಗೆ ನೋಡಿದರೆ, ಎಡಗಾಲು ಆಗಲೇ ಒಳಗಿತ್ತು.

ಬೆಳಗಿನ ಜಾವ ಹೊರಟವರು ದಾರಿಯುದ್ದಕ್ಕೂ ಇದನ್ನೇ ಮಾತಾಡಿದರು. "ಮದುವೆಗೆ ಬಂದ ಮಗನಿಗೆ ಬಲಗಾಲು ಯಾವುದು ಅಂತ ಹೇಳಿಕೊಡೋ ಹಣೆಬರಹ ನಂದು" ಎಂದು ತಾಯಿ ಶಾರದ ಗೊಣಗಿದರು.

"ಅವನಿಗೆ ಬಲಗಾಲು ಚೆನ್ನಾಗೇ ಗೊತ್ತು ಕಣೆ" ಎಂದರು ಚಂದ್ರಮೌಳಿ. "ಡೆಸ್ ಪ್ಲೇನ್ಸ್‌ನಿಂದ ಇಲ್ಲೀವರೆಗೆ ಆಕ್ಸಿಲರೇಟರ್ ಮೇಲಿಂದ ಎತ್ತೇ ಇಲ್ಲ. ಐವತ್ತೈದು ಮೈಲಿ ದಾಟಬೇಡವೋ, ಪೊಲೀಸ್ ಹಿಡೀತಾನೆ."

ಕಲಮಜೂ ಊರಿನ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ಶಾರದ ಬಂಕಿನ ಅಂಗಡಿಯ ಬಾಗಿಲೊಳಗೆ ಅಜ್ಜಿಯ ಹಾಗೆ ನಿಂತರು. ನಿರಂಜನ ಬಲಗಾಲಿಟ್ಟು ಒಳಗೆ ಬಂದ, ಹೊರಗೆ ಹೋದ, ಮತ್ತೆ ಬಂದ. ಗಲ್ಲಾದಲ್ಲಿದ್ದವನು ಮೆಲ್ಲಗೆ ಕೇಳಿದ: "ಈಸ್ ಹಿ ಆಲ್‌ರೈಟ್, ಮ್ಯಾಮ್?"

"ಹಿ ಈಸ್ ಗೆಟಿಂಗ್ ಮ್ಯಾರಿಡ್" ಎಂದರು ಶಾರದ. ಗಲ್ಲಾದವನು ಎಲ್ಲಾ ಅರ್ಥವಾದವನಂತೆ ತಲೆಯಾಡಿಸಿದ.

ಮಾಡಿದ ಅಭ್ಯಾಸದಲ್ಲಿ ಒಂದೂ ತಪ್ಪಿರಲಿಲ್ಲ. ಶಾರದರಿಗೆ ಧೈರ್ಯ ಬಂತು. ಆದರೆ ವಾರೆನ್‌ನ ಗಡಿಯಾರ ಶಿಕಾಗೋದ್ದಕ್ಕಿಂತ ಒಂದು ಗಂಟೆ ಮುಂದಿರುತ್ತದೆ ಎನ್ನುವುದನ್ನು ಮೂವರೂ ಮರೆತಿದ್ದರು. ಇವರ ಕಾರು ಒಂದು ಗಂಟೆ ತಡವಾಗಿ ಶಿವಬಸಪ್ಪನವರ ಮನೆ ಮುಂದೆ ನಿಲ್ಲುವುದಕ್ಕೂ ಪಕ್ಕದ ದೊಡ್ಡ ರಸ್ತೆಯಲ್ಲಿ ಜುಲೈ ನಾಲ್ಕರ ಮೆರವಣಿಗೆ ಸಾಲುಗಟ್ಟುವುದಕ್ಕೂ ಸರಿಹೋಯಿತು.

ಬಾಗಿಲಿಗೆ ತೋರಣ, ಮುಂದೆ ಅಕ್ಕಿಹಿಟ್ಟಿನ ರಂಗೋಲಿ. ಒಳಗೆ ಸೋಫಾದ ಮೇಲೆ ಕೂರದೆ, ಬಾಗಿಲ ಪಕ್ಕ ಮಡಚುವ ಕುರ್ಚಿ ಹಾಕಿಸಿಕೊಂಡು ಶಿವಕ್ಕಜ್ಜಿ ಕೂತಿದ್ದಳು. ಪೋರ್ಚಿನಲ್ಲಿ ಕನ್ನಡ ಕೂಟದ ಅಧ್ಯಕ್ಷ ರಘೋತ್ತಮ ಮೂವಿ ಕ್ಯಾಮೆರಾ ಹಿಡಿದು ಸಿದ್ಧನಾಗಿದ್ದ. ಯಾರೂ ಅವನನ್ನು ಕರೆದಿರಲಿಲ್ಲ. ವಾರೆನ್‌ನಲ್ಲಿ ಕನ್ನಡದವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅವನು ಬರುತ್ತಿದ್ದ, ಅಷ್ಟೆ.

ಚಂದ್ರಮೌಳಿ ಮತ್ತು ಶಾರದ ಚಪ್ಪಲಿ ಬಿಟ್ಟು ಮೊದಲು ಒಳಗೆ ಹೋದರು. ಶೂ ಬಿಚ್ಚಿ ನಿರಂಜನ ಬಂದ. ಬಲಗಾಲು ಎತ್ತಿದ. ಆಗ ದೊಡ್ಡ ರಸ್ತೆಯ ಕಡೆಯಿಂದ ಹತ್ತಿಪ್ಪತ್ತು ಡ್ರಮ್ಮುಗಳು ಒಟ್ಟಿಗೆ ಗುಡುಗಿದವು. ತಂಡ ಹೊರಡುವ ಮುಂಚೆ ಕೊಡುವ ಸೂಚನೆ. ಇವನ ಎದೆ ಮುಂದೆ ಬಂತು, ಗದ್ದ ಮೇಲೆ ಹೋಯಿತು, ಎತ್ತಿದ ಬಲಗಾಲು ಸ್ವಸ್ಥಾನಕ್ಕೆ ಇಳಿಯಿತು. ಎಡಗಾಲು ಸರಿಯಾಗಿ ಹೊಸ್ತಿಲು ದಾಟಿ ಒಳಗೆ ಕೂತಿತು.

ಶಾರದ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಅಜ್ಜಿ ಆ ಕ್ಷಣ ಕಿಟಕಿ ಕಡೆ ತಿರುಗಿದ್ದಳು.

"ಅದೇನ್ ಸಪ್ಪಳಾ? ಯಾರ್ದರ ಮದವಿ ಐತೇನು?"

ಶಿವಬಸಪ್ಪ ಒಂದೇ ಏಟಿಗೆ ಹುಡುಗನನ್ನೂ ಬೀಗರನ್ನೂ ಹೊರಕ್ಕೆ ತಳ್ಳಿ ಬಾಗಿಲು ಅರ್ಧ ಮುಚ್ಚಿದರು. "ಹೌದವ್ವಾ, ಯಾರ್ದೋ ಮೆರವಣಿಗಿ. ಹುಡುಗ ಇನ್ನೂ ಕಾರ್ ಇಳೀಲಿಕತ್ತಾನ, ಬೀಗರು ಕರಕೊಂಡು ಬರ್ಲಿಕ್ಕೆ ಹೋದ್ರು."

ಗ್ಯಾರೇಜಿನ ಮುಂದೆ ಪಿಸುಮಾತಿನ ಸಭೆ ಸೇರಿತು.

"ಕಾಲು ಉಳುಕಿದೆ ಅಂತ ಹೇಳ್ಬಿಡೋಣ" ಎಂದ ರಘೋತ್ತಮ. "ನಾಲ್ಕು ಜನ ಎತ್ಕೊಂಡು ಒಳಗೆ ಹೋಗೋದು."

"ನಾಲ್ಕು ಜನ ಎತ್ಕೊಂಡು ಹೋಗೋದು ಮದುವೆಗಲ್ಲಪ್ಪ" ಎಂದರು ಚಂದ್ರಮೌಳಿ.

"ಎರಡೂ ಕಾಲು ಒಟ್ಟಿಗೆ ಇಡ್ಲಿ. ಎಗರಿ ಒಳಗೆ ಬೀಳ್ಲಿ" ಎಂದರು ಶಾರದ.

ಎಗರಿಸಿದರು. ಮೇಲಕ್ಕೇನೋ ಚೆನ್ನಾಗಿಯೇ ಹಾರಿದ. ಇಳಿದದ್ದು ಮಾತ್ರ ರಂಗೋಲಿಯ ಮೇಲೆ. ಅಕ್ಕಿಹಿಟ್ಟಿಗೂ ನೈಲಾನ್ ಕಾಲುಚೀಲಕ್ಕೂ ಜಗಳವಾಗಿ ನಿರಂಜನ ಹಿಂದಕ್ಕೆ ಜಾರಿ, ರಘೋತ್ತಮನನ್ನು ಕ್ಯಾಮೆರಾ ಸಮೇತ ಕೆಡವಿಕೊಂಡು ಪೋರ್ಚಿನ ಮೇಲೆ ಬಿದ್ದ.

"ಏನ್ ಬಿತ್ತೋ ಶಿವಬಸೂ?"

"ಹೂವಿನ ಕುಂಡಾ, ಅವ್ವಾ."

"ಎರಡ್ ಬಿದ್ದಂಗಾತು."

"ಹೌದು, ಎರಡ್ ಕುಂಡಾ."

ಛಾಯಾ ಅಡುಗೆಮನೆಯ ಕಿಟಕಿಯಿಂದ ನೋಡಿ ಹಣೆ ಹಣೆ ಚಚ್ಚಿಕೊಂಡಳು. ನಿರಂಜನನಿಗೆ ನಿಜವಾಗಿಯೂ ಅಳು ಬಂತು. "ಅಂಕಲ್, ಮೆರವಣಿಗೆ ಮುಗಿಯೋವರೆಗೂ ನನ್ನಿಂದ ಆಗಲ್ಲ. ಡ್ರಮ್ ಕೇಳಿದ್ರೆ ಎಡಗಾಲೇ ಮೊದಲು ಹೊರಡುತ್ತೆ. ಎಂಟು ವರ್ಷ ಹಾಗೇ ಕಲಿಸಿಬಿಟ್ಟಿದಾರೆ."

ಶಿವಬಸಪ್ಪ ಕನ್ನಡಕ ಸರಿಮಾಡಿಕೊಂಡರು. "ಎಡಗಾಲಿಂದಾನ ಶುರು ಆಗಲಿ ಬಿಡೋ. ನಿನ್ನ ಹೆಜ್ಜಿ ಎಷ್ಟು ಉದ್ದ?"

"ಇಪ್ಪತ್ತೆರಡೂವರೆ ಇಂಚು. ಯಾವಾಗಲೂ ಅಷ್ಟೇ."

ಶಿವಬಸಪ್ಪನವರ ಮುಖ ಅರಳಿತು. ಇಷ್ಟು ಖಚಿತವಾದ ಅಳತೆಯನ್ನು ಅವರು ಕಂಪನಿಯಲ್ಲೂ ಕೇಳಿರಲಿಲ್ಲ. ಗ್ಯಾರೇಜಿನಿಂದ ಟೇಪು, ಸೀಮೆಸುಣ್ಣ ಬಂದವು. ಅವರು ಮಂಡಿಯೂರಿ ಹೊಸ್ತಿಲಿನಿಂದ ಹಿಂದಕ್ಕೆ ಅಳೆದು ಪೋರ್ಚಿನ ಅಂಚಿನಲ್ಲಿ ಗೆರೆ ಎಳೆದರು. "ಇಲ್ಲೆ ನಿಲ್ಲು. ಎಡಾ, ಬಲಾ, ಎಡಾ. ಮುಂದಿಂದು ಬಲಗಾಲು, ಅದು ಹೊಸ್ತಲಾ ದಾಟಿ ಬೀಳತದ. ನೀ ತಪ್ಪಬೇಕಂದ್ರೂ ತಪ್ಪೂದಿಲ್ಲ." ಮಗಳ ಮದುವೆಗೆ ಇಷ್ಟು ಮುತುವರ್ಜಿ ವಹಿಸುವ ತಂದೆಯನ್ನು ಕಂಡು ಶಾರದರಿಗೆ ಕಣ್ಣು ಒದ್ದೆಯಾಯಿತು. ಬೀಗರನ್ನು ಮತ್ತೆ ಕ್ರಮವಾಗಿ ಒಳಗೆ ಕಳಿಸಿದ್ದಾಯಿತು.

ಡ್ರಮ್ಮುಗಳು ಮತ್ತೆ ಎದ್ದವು. ಈ ಸಲ ನಿರಂಜನ ಅವುಗಳ ಜೊತೆ ಗುದ್ದಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಸಾಲಿನಲ್ಲಿ ನಿಂತ ಖುಷಿಯಾಯಿತು ಅವನಿಗೆ. ಎಡ, ಬಲ, ಎಡ. ಬಲಗಾಲು ಹೊಸ್ತಿಲು ದಾಟಿ ಅಜ್ಜಿಯ ಕಣ್ಣೆದುರಿಗೆ ಜಮಖಾನದ ಮೇಲೆ ಇಳಿಯಿತು. ಯಾವ ತೀರ್ಪುಗಾರನೂ ಗೀಟು ಎಳೆಯಲಾರದ ಹೆಜ್ಜೆ ಅದು.

"ಬಲಗಾಲು!" ಅಜ್ಜಿ ಎದ್ದೇ ನಿಂತಳು. ಅವನ ಕೆನ್ನೆ ಸವರಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. "ಬಂಗಾರದಂಥಾ ಹುಡುಗಾ. ಛಾಯಾ, ಇಂವನ್ನ ಮಾಡಿಕೋ." ರಘೋತ್ತಮ ಚಪ್ಪಾಳೆ ಹೊಡೆದ. ಉಪ್ಪಿಟ್ಟು, ಕೇಸರಿಬಾತು ಬಂತು. ನಿರಂಜನ ಸೋಫಾದಲ್ಲಿ ಕೂತು, ಗ್ಲೆಂಡೇಲ್ ಹೈಟ್ಸ್‌ನ ಅಪಾರ್ಟ್‌ಮೆಂಟಿಗೆ ಯಾವ ಬಣ್ಣದ ಪರದೆ ಹಾಕುವುದೆಂದು ಯೋಚಿಸತೊಡಗಿದ.

"ಶಿವಬಸೂ, ಮ್ಯಾಲಿನ ಖೋಲಿ ಸ್ವಚ್ಛ ಮಾಡಿಸು" ಎಂದಳು ಅಜ್ಜಿ.

"ಅಯ್ಯೋ ಬೇಡಿ ಅಜ್ಜಿ" ಎಂದರು ಶಾರದ, "ನಾವು ಸಾಯಂಕಾಲವೇ ಹೊರಡ್ತೀವಿ."

"ನೀವ್ ಹೋಗ್ರಿ. ಇಂವ ಎಲ್ಲಿ ಹೊಂಟಾನ?"

"ಅಂದ್ರೆ?"

"ಸೊಸಿ ಬಲಗಾಲಿಟ್ಟು ಬರೂದು ಯಾಕ್ರೀ? ಆ ಮನಿಯಾಕಿ ಆಗ್ಲಿಕ್ಕೆ. ಇಂವ ಬಲಗಾಲಿಟ್ಟು ಬಂದಾನ. ಈ ಮನಿಯಾಂವ ಆದ. ನನಗ ಇರಾಕಿ ಒಬ್ಬಾಕೀನ ಮೊಮ್ಮಗಳು. ಆಕಿನ್ನ ಕಳಿಸಿ ನಾ ಇಲ್ಲೆ ಯಾರ ಮಾರಿ ನೋಡ್ಲಿ?"

ಶಾರದರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಶಿವಬಸಪ್ಪ ಕೆಮ್ಮಿದರು. "ನಮ್ಮ ಆಫೀಸಿನ್ಯಾಗ ಒಂದು ಜಾಗಾ ಖಾಲಿ ಅದ. ಬಾಸ್ ಜೋಡಿ ಮಾತಾಡೀನಿ." ಟೇಪು ಹಿಡಿದು ಮಂಡಿಯೂರಿದ್ದ ಆ ಉತ್ಸಾಹ ಯಾತರದ್ದೆಂದು ನಿರಂಜನನಿಗೆ ಆಗ ತಿಳಿಯಿತು.

ರಘೋತ್ತಮ ಅವನ ಕಿವಿಗೆ ಬಗ್ಗಿದ. "ಆ ಕ್ಲೀವ್‌ಲ್ಯಾಂಡ್ ಡಾಕ್ಟರು ಹುಷಾರು ಕಣಯ್ಯಾ. ಪೋರ್ಚಿನಲ್ಲೇ ನನ್ನ ಕೇಳಿ ತಿಳ್ಕೊಂಡ. ಬೇಕು ಅಂತಲೇ ಎಡಗಾಲಿಟ್ಟ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ."

"ಏಳೋ ಮೇಲೆ!" ಶಾರದ ಗುಡುಗಿದರು. "ಹೊರಗೆ ಹೋಗಿ ಎಡಗಾಲಿಟ್ಟು ಬಾ! ನಿನಗೆ ಯಾರೋ ಹೇಳಿದ್ದು ಬಲಗಾಲಿಡು ಅಂತ?"

"ನೀನೇ ಅಮ್ಮ. ಕಲಮಜೂನಲ್ಲಿ."

ಅವನು ಛಾಯಾಳ ಕಡೆ ನೋಡಿದ. "ನಿನಗೆ ಗೊತ್ತಿತ್ತಾ?"

ಛಾಯಾಳ ಕಣ್ಣು ತುಂಬಿತ್ತು. ಮೂರು ತಿಂಗಳು ಫೋನಿನಲ್ಲಿ ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ಮಾತಾಡಿದವಳು, ಮೊದಲ ಸಲ ಅಜ್ಜಿಯ ಕನ್ನಡದಲ್ಲಿ ಹೇಳಿದಳು: "ಅಜ್ಜೀನ್ನ ಬಿಟ್ಟು ನಾ ಹ್ಯಾಂಗ ಬರ್ಲಿ ನಿರಂಜನ್?"

ಅದಕ್ಕೆ ಇಲ್ಲ ಎನ್ನುವ ಶಕ್ತಿ ಅವನಿಗಿರಲಿಲ್ಲ. ಅವಳಿಗೋಸ್ಕರ ವಾರೆನ್ ಏನು, ಅಲಾಸ್ಕಾದಲ್ಲಾದರೂ ಇರಬಹುದು ಎನ್ನಿಸಿತು. ಅಪಾರ್ಟ್‌ಮೆಂಟು ಗ್ಲೆಂಡೇಲ್ ಹೈಟ್ಸ್‌ನಲ್ಲೇ ಆಗಬೇಕೆಂದೇನಿದೆ? ಅಜ್ಜಿ ಪಾಪ, ಎಂಟು ಗಂಟೆಗೆ ಮಲಗುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಮುನ್ನೂರು ಮೈಲಿ ದೂರದಲ್ಲಿರುತ್ತಾರೆ.

"ಆಗಲಿ ಅಜ್ಜಿ" ಎಂದ. "ಇಲ್ಲೇ ಇರ್ತೀನಿ."

ಶಾರದ ಮಗನನ್ನು ನೋಡಿದರು. ಆಮೇಲೆ ನಿಧಾನವಾಗಿ ಸೆರಗು ಸರಿಮಾಡಿಕೊಂಡು ಅಜ್ಜಿಯ ಕಡೆ ತಿರುಗಿದರು.

"ನೀವು ಹೇಳೋದು ನ್ಯಾಯ ಅಜ್ಜಿ. ನಿಮಗೆ ಇರೋದು ಒಬ್ಬಳೇ ಮೊಮ್ಮಗಳು. ನನಗೂ ಇರೋದು ಒಬ್ಬನೇ ಮಗ. ನಾನೂ ಬಲಗಾಲಿಟ್ಟೇ ಈ ಮನೆಗೆ ಬಂದಿದ್ದು. ನಮ್ಮೆಜಮಾನ್ರೂ ಅಷ್ಟೇ. ಬೇಕಾದ್ರೆ ರಘೋತ್ತಮ ಫಿಲ್ಮ್ ತೋರಿಸ್ತಾರೆ. ಹಾಗಾದ್ರೆ ನಮ್ಮ ರೂಮು ಯಾವುದು?"

ಚಂದ್ರಮೌಳಿ ತಮ್ಮ ಪಾದಗಳನ್ನೇ ಗಾಬರಿಯಿಂದ ನೋಡಿಕೊಂಡರು. ನಿರಂಜನ ಆಸೆಗಣ್ಣಿನಿಂದ ಅಜ್ಜಿಯ ಕಡೆ ನೋಡಿದ. ಈ ಮುದುಕಿ ಜಗಳಕ್ಕೆ ಬಿದ್ದರೆ ತಾನು ಉಳಿದಂತೆ.

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. "ಬರ್ರೀ ತಂಗಿ, ಬರ್ರೀ! ನನಗೂ ಮಾತಾಡ್ಲಿಕ್ಕೆ ಒಂದು ಜನಾ ಆತು. ಮ್ಯಾಲ ಮೂರು ಖೋಲಿ ಸಾಲಾಗಿ ಅದಾವ. ಒಂದು ನಂದು, ಒಂದು ನಿಮ್ದು."

ನಿರಂಜನ ಛಾಯಾಳ ಹತ್ತಿರ ಸರಿದು ಕೇಳಿದ: "ಮತ್ತೆ ನಮ್ದು?"

ಛಾಯಾ ಅವನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಬಡಿಸಿದಳು.

"ಮಧ್ಯದ್ದು" ಎಂದಳು.