ನೆಗ್ಗಿಲ್ಲದ ತಂಬಿಗೆ

ಕಸುಬನ್ನು ಕೆಲಸದ ಜಾಗದಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ನಮ್ಮ ಓಣಿಯ ದರ್ಜಿ ಸತ್ತವರ ಮನೆಗೆ ಮಾತನಾಡಿಸಲು ಹೋದರೂ ಅಳುತ್ತ ಕುಳಿತವರ ಭುಜದ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದ. ನಾನು ಹಾನಗಲ್ಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ನನ್ನ ರೋಗವೇನೆಂದರೆ, ಓರೆಯಾದದ್ದು ಕಣ್ಣಿಗೆ ಬಿದ್ದರೆ ಅದನ್ನು ಸರಿಮಾಡದೆ ನನಗೆ ನೀರು ಇಳಿಯುವುದಿಲ್ಲ. ಕನ್ಯೆ ನೋಡಲು ಹೋದ ದಿನ ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬಂದು ನಿಂತಾಗ ನನ್ನ ಕಣ್ಣು ಅವಳ ಹಿಂದಿನ ಗೋಡೆಯ ಮೇಲಿದ್ದ ಪಟದಲ್ಲಿ ನೆಟ್ಟಿತ್ತು. ಅದು ಎಡಕ್ಕೆ ವಾಲಿತ್ತು. ತಡೆದುಕೊಳ್ಳಲಾಗದೆ ಎದ್ದು ಹೋಗಿ ನೆಟ್ಟಗೆ ಮಾಡಿ ಬಂದು ಕುಳಿತೆ. ಆ ಹುಡುಗಿಯೇ ಈಗ ನನ್ನ ಹೆಂಡತಿ ಸುಶೀಲಾ. "ಆವತ್ತು ನನ್ನ ಮಾರಿ ಒಮ್ಮೆರ ನೋಡಿದ್ರೇನ್ರಿ?" ಎಂದು ಇಂದಿಗೂ ಕೇಳುತ್ತಾಳೆ. ನೋಡಿದೆ ಎಂದು ಹೇಳುತ್ತಲೇ ಬಂದಿದ್ದೇನೆ.

ಈಗ ಕಂಪ್ಯೂಟರಿನಲ್ಲಿ ಒಂದು ಹೂಜಿಯನ್ನೋ ದೀಪವನ್ನೋ ಅರ್ಧ ಬಿಡಿಸಿ ಗುಂಡಿ ಒತ್ತಿದರೆ ಇನ್ನರ್ಧ ತಾನಾಗಿ ಬಂದು ಕೂಡಿಕೊಳ್ಳುತ್ತದಂತೆ. ಮುದ್ರಣದ ಅಂಗಡಿಯೊಂದರಲ್ಲಿ ಇದನ್ನು ನನಗೆ ತೋರಿಸಿದವರು ನಾನು ಬಾಯಿ ತೆರೆದು ನಿಲ್ಲುತ್ತೇನೆ ಎಂದುಕೊಂಡಿದ್ದರು. ನನಗೆ ನಗು ಬಂತು. ಎಪ್ಪತ್ತರ ದಶಕದಲ್ಲೇ ನಾವು ಇದನ್ನು ಬರೀ ಉಗುರಿನಿಂದ ಮಾಡುತ್ತಿದ್ದೆವು. ಹಾಳೆಯ ನಡುವೆ ಒಂದು ನೆಟ್ಟನೆಯ ಗೆರೆ. ಎಡಕ್ಕೆ ತಂಬಿಗೆಯ ಅರ್ಧ ಬಾಯಿ, ಅರ್ಧ ಕೊರಳು, ಅರ್ಧ ಹೊಟ್ಟೆ, ಅರ್ಧ ತಳ. ಮೆತ್ತನೆಯ ಪೆನ್ಸಿಲಿನಿಂದ ಒತ್ತಿ ಬಿಡಿಸಿ, ಹಾಳೆಯನ್ನು ನಡುಗೆರೆಗೆ ಸರಿಯಾಗಿ ಮಡಚಿ, ಬೆನ್ನ ಮೇಲೆ ಹೆಬ್ಬೆರಳಿನ ಉಗುರಿನಿಂದ ಉಜ್ಜಿದರೆ ಆಯಿತು. ಬಿಚ್ಚಿ ನೋಡಿದರೆ ಬಲಭಾಗದಲ್ಲಿ ಮಸುಕಾಗಿ ಇನ್ನರ್ಧ ಮೂಡಿರುತ್ತಿತ್ತು. ಅದನ್ನು ತಿದ್ದಿ, ನೆರಳು ತುಂಬಿ, ಬೆಳಕು ಬಿದ್ದ ಕಡೆ ಒಂದು ಬಿಳಿ ಮಿಂಚು ಬಿಟ್ಟರೆ ಕೈ ಚಾಚಿ ಎತ್ತಿಕೊಳ್ಳಬೇಕು ಅನ್ನಿಸುವಂಥ ತಂಬಿಗೆ ಸಿದ್ಧ. ಡ್ರಾಯಿಂಗ್ ಪರೀಕ್ಷೆಗೆ ಕೂತ ನನ್ನ ಹುಡುಗರೆಲ್ಲ ಹೀಗೆಯೇ ಪಾಸಾದರು. ಒಮ್ಮೆ ಹೊರಗಿನಿಂದ ಬಂದ ಪರೀಕ್ಷಕರು ನಲವತ್ತು ಹಾಳೆಗಳನ್ನು ತಿರುವಿ ಹಾಕಿ, "ಏನ್ರಿ ಮಾಸ್ತರ್ರ, ಎಲ್ಲಾ ಒಂದ ಅಚ್ಚಿನ್ಯಾಗ ಎರಕಾ ಹೊಯ್ದಂಗ ಅದಾವಲ್ಲ!" ಎಂದರು. ಅದನ್ನು ಹೊಗಳಿಕೆ ಎಂದೇ ತಿಳಿದು ಅವರಿಗೆ ಎರಡನೇ ಸಲ ಚಹಾ ತರಿಸಿದ್ದೆ.

ನಮ್ಮ ಮನೆಯಲ್ಲಿ ಒಂದು ತಾಮ್ರದ ತಂಬಿಗೆ ಇತ್ತು. ಅವ್ವ ನೀರು ಕುಡಿಯುತ್ತಿದ್ದುದು ಅದೊಂದರಲ್ಲೇ. ಅದರ ಹೊಟ್ಟೆಯ ಮೇಲೆ ಒಂದು ಕಡೆ ನೆಗ್ಗು ಬಿದ್ದಿತ್ತು. ನಾವು ಆಡೂರಿನಲ್ಲಿದ್ದಾಗ ನನ್ನ ಅಕ್ಕ ನೀಲವ್ವ ಬಾವಿಯಿಂದ ನೀರು ತರುವಾಗ ಅದನ್ನು ಕಲ್ಲಿನ ಮೆಟ್ಟಿಲ ಮೇಲೆ ಕೆಡವಿದ್ದಳು. ಆಗ ಅವಳಿಗೆ ಹತ್ತು ವರ್ಷ. ಆ ತಪ್ಪಿಗೆ ಅವ್ವ ಅವಳಿಗೆ ಹೊಡೆದಿದ್ದಳು. ಮುಂದೆ ಅಕ್ಕನನ್ನು ಶಿಗ್ಗಾವಿಗೆ ಕೊಟ್ಟೆವು. ಮೊದಲ ಹೆರಿಗೆಯಲ್ಲೇ ಅವಳು ಹೋದಳು, ಕೂಸೂ ಉಳಿಯಲಿಲ್ಲ. ಅವಳದೊಂದು ಫೋಟೋ ಸಹ ನಮ್ಮಲ್ಲಿರಲಿಲ್ಲ. ಆಮೇಲೆ ಅವ್ವ ತಂಬಿಗೆ ಎತ್ತುವಾಗಲೆಲ್ಲ ಹೆಬ್ಬೆರಳನ್ನು ಆ ನೆಗ್ಗಿನಲ್ಲಿ ಇಟ್ಟುಕೊಂಡೇ ಎತ್ತುತ್ತಿದ್ದಳು. ಬೇಕೆಂದೇ ಇಡುತ್ತಿದ್ದಳೋ ರೂಢಿಯಾಗಿತ್ತೋ ನಾನು ಕೇಳಲಿಲ್ಲ. ಪಾತ್ರೆ ಮಾಡುವ ಬೋಗಾರರು ಓಣಿಗೆ ಬಂದಾಗ, "ಅದನ್ನೊಂದೀಟು ಬಡಿದು ಸರಿ ಮಾಡಿಸೂಣು" ಎಂದು ನಾನು ಎರಡು ಮೂರು ಸಲ ಹೇಳಿದ್ದುಂಟು. "ಅದಕ್ಕ ಸುತ್ತಗಿ ಮುಟ್ಟಸಬ್ಯಾಡ" ಎಂದು ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಬೇರೆ ಪಾತ್ರೆಗಳ ಮೇಲೆಲ್ಲ ಅಪ್ಪನ ಹೆಸರು ಕೊರೆಸಿತ್ತು. ಇದರ ಮೇಲಿನ ಹೆಸರು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಳಿಸಿ ಹೋಗಿತ್ತು. ಮತ್ತೆ ಕೊರೆಸಬೇಕೆಂದರೆ ಸುತ್ತಿಗೆ ಬೀಳಬೇಕಲ್ಲ, ಅದಕ್ಕೂ ಅವ್ವ ಒಪ್ಪಲಿಲ್ಲ.

ಎಂಬತ್ತರ ಆಚೆಈಚೆ ಇರಬೇಕು, ಅಕ್ಕಿಆಲೂರಿನಲ್ಲಿ ನಮ್ಮ ಸಂಬಂಧಿಕ ಬಸಣ್ಣನ ಮಗಳ ಮದುವೆ ಬಂತು. ಆಗ ನಮ್ಮ ಕಡೆ ಮದುವೆಗೆ ಪಾತ್ರೆಗಳನ್ನು ಬಾಡಿಗೆಗೆ ತರುವ ಪದ್ಧತಿ ಅಷ್ಟಾಗಿ ಇರಲಿಲ್ಲ. ನಂಟರ ಮನೆಗಳಿಂದ ಹಂಡೆ, ಕೊಳಗ, ತಾಟು, ತಂಬಿಗೆ ಕೇಳಿ ತರುತ್ತಿದ್ದರು. ಮದುವೆಯ ಮನೆಯವರು ಕೇಳಿದ್ದನ್ನು ಇಲ್ಲ ಎನ್ನುವುದು ಅವಮಾನದ ಮಾತು. ಬಸಣ್ಣ ಚೀಲ ಹಿಡಿದು ಬಂದು, "ಹನ್ನೆರಡು ತಂಬಿಗಿ ಆದ್ರ ಭಾಳ ಛಲೋ ಆಕೈತ್ರಿ ಮಾಸ್ತರ್ರ" ಎಂದ. ಸುಶೀಲಾ ಹುಡುಕಿ ತೆಗೆದರೆ ಹನ್ನೊಂದೇ ಇದ್ದವು. ಹನ್ನೊಂದು ಎಂಬುದು ನೋಡಲು ಓರೆಯಾದ ಸಂಖ್ಯೆ. ಅವ್ವ ಹಿತ್ತಲಲ್ಲಿ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತಿದ್ದಳು. ನಾನು ಒಳಗೆ ಹೋಗಿ ಗೋಡೆಯ ನೀರಿನ ಮಾಡದಲ್ಲಿದ್ದ ಅವಳ ತಂಬಿಗೆಯನ್ನು ಬರಿದು ಮಾಡಿ ತಂದು ಚೀಲಕ್ಕೆ ಹಾಕಿದೆ. "ಅತ್ತಿ ಅವ್ರದು ಬ್ಯಾಡ್ರಿ" ಎಂದಳು ಸುಶೀಲಾ. "ನಾಕು ದಿನದ ಮಾತು" ಎಂದೆ. ಅವ್ವ ಒಳಗೆ ಬಂದು ಬರಿದಾದ ಮಾಡ ನೋಡಿ ಸುಶೀಲಾಳನ್ನು ಕೇಳಿ ತಿಳಿದುಕೊಂಡಳು. "ಮದುವಿ ಮನಿಗೆ ಹೋಗೇತಲ್ಲ, ಆತು ಬಿಡು, ಬರ್ತೈತಿ" ಎಂದು ತನಗೆ ತಾನೇ ಹೇಳಿಕೊಂಡಳು.

ಮದುವೆ ಮುಗಿದು ಪಾತ್ರೆಗಳು ವಾಪಸು ಬಂದವು. ತಂಬಿಗೆಗಳು ಹನ್ನೆರಡಕ್ಕೆ ಹನ್ನೆರಡು ಇದ್ದವು. ಅವ್ವ ಒಂದೊಂದನ್ನೇ ಎತ್ತಿ ಹೆಬ್ಬೆರಳಿಂದ ತಡವಿ ಪಕ್ಕಕ್ಕಿಟ್ಟಳು. ಕೊನೆಯದು ಯಾರದೋ ಬೇರೆಯವರ ತಂಬಿಗೆ. "ಇದಲ್ಲ" ಎಂದು ಅದನ್ನು ನನ್ನ ಕೈಗೆ ಕೊಟ್ಟಳು. ಅಂದಿನಿಂದ ಅವಳು ಸ್ಟೀಲಿನ ಲೋಟದಲ್ಲಿ ಎರಡು ಗುಟುಕು ಕುಡಿದು, ನೀರಿಗೆ ರುಚಿಯಿಲ್ಲ ಎಂದು ಉಳಿದದ್ದನ್ನು ತುಳಸಿಗೆ ಹಾಕತೊಡಗಿದಳು. ಸುಶೀಲಾ ಕುಡಿಯಿರಿ ಎಂದು ಒತ್ತಾಯ ಮಾಡಿದರೆ, "ಆಮ್ಯಾಲ ಕುಡಿತೇನಿ" ಎನ್ನುತ್ತಿದ್ದಳು. ನೀರು ಸಾಲದೆ ಅವಳ ತುಟಿ ಒಡೆಯತೊಡಗಿತು.

ಇಂಥ ಅದಲುಬದಲು ಪ್ರತಿ ಮದುವೆಯಲ್ಲೂ ಆಗುವಂಥದ್ದೇ. ಗುರುತು ಹತ್ತದ ಪಾತ್ರೆಗಳನ್ನು ಮದುವೆಯ ಮನೆಯವರು ಒಂದು ತಿಂಗಳು ಪಡಸಾಲೆಯ ಮೂಲೆಯಲ್ಲಿ ಇಟ್ಟಿರುತ್ತಿದ್ದರು. ಕಳೆದುಕೊಂಡವರು ಗುರುತು ಹೇಳಿ ಒಯ್ಯಬೇಕು. ಭತ್ತದ ವ್ಯವಹಾರಕ್ಕೆ ಹಾನಗಲ್ಲಿಗೆ ಬಂದ ಬಸಣ್ಣ ನಮ್ಮ ಮನೆಗೂ ಬಂದ. "ಒಂದೈದಾರು ತಂಬಿಗಿ ಉಳಿದಾವ್ರಿ. ನಿಮ್ಮದರ ಗುರ್ತು ಏನೈತಿ ಹೇಳ್ರಿ, ಮುಂದಿನ ವಾರ ತರ್ತೇನಿ" ಎಂದ. ಅವ್ವ ಗೋಡೆ ಹಿಡಿದು ಮೆಲ್ಲಗೆ ಹೊರಗೆ ಬಂದಳು. ಆ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದು ಅವಳಿಗೆ ಸೊಂಟ ಹಿಡಿದಿತ್ತು, ಬಸ್ಸು ಹತ್ತುವ ಹಾಗಿರಲಿಲ್ಲ. "ನೋಡಪಾ ಬಸಣ್ಣ, ಅದರ ಹೊಟ್ಟಿ ಮ್ಯಾಲ ಒಂದ ಕಡೆ..." ಎಂದು ಶುರು ಮಾಡಿದಳು.

"ನೀ ಸುಮ್ಕಿರವ್ವ" ಎಂದೆ ನಾನು. "ಬಾಯಿ ಮಾತಿನ್ಯಾಗ ಹೇಳಿದ್ರ ಇವರಿಗೇನು ತಿಳಿತೈತಿ? ಬಸಣ್ಣ, ನಾಳೆ ಸಂಜಿತನಾ ಇರ್ತೀರಲ್ಲ? ಚಿತ್ರಾನ ತಗದು ಕೊಡ್ತೇನಿ. ಬಾಜೂಕ ಹಿಡಿದು ನೋಡಿದ್ರ ಮುಗೀತು."

"ನಾ ಹೋಗಿ ನೋಡಿ ಬರ್ತೇನ್ರಿ, ಒಂದು ತಾಸಿನ ಹಾದಿ" ಎಂದಳು ಸುಶೀಲಾ. ಮನೆಯಲ್ಲಿ ಡ್ರಾಯಿಂಗ್ ಮಾಸ್ತರನಿರುವಾಗ ಹೆಂಗಸರು ಬಸ್ಸಿನಲ್ಲಿ ನೂಕಾಡುವುದು ಯಾಕೆ ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ನನ್ನ ಕೈಚಳಕವನ್ನು ಅಕ್ಕಿಆಲೂರಿನ ನಂಟರೆಲ್ಲ ನೋಡಲಿ ಎಂಬ ಆಸೆ ನನಗೆ ಹತ್ತಿಕೊಂಡಿತ್ತು.

ದಪ್ಪ ಹಾಳೆ ತೆಗೆದು ನಡುಗೆರೆ ಎಳೆದೆ. ನೆನಪಿನಿಂದಲೇ ಎಡಗಡೆಯ ಅರ್ಧವನ್ನು ನೆಗ್ಗಿನ ಸಮೇತ ಬಿಡಿಸಿದೆ. ಮಡಚಿ ಉಜ್ಜಿ ಬಿಚ್ಚಿ ನೋಡಿದರೆ ಫಜೀತಿ. ನೆಗ್ಗು ಎರಡೂ ಕಡೆ ಬಂದಿತ್ತು! ತಂಬಿಗೆ ಸೊಂಟ ಹಿಡಿದುಕೊಂಡು ಜಗಳಕ್ಕೆ ನಿಂತವರ ಹಾಗೆ ಕಾಣುತ್ತಿತ್ತು. ಬಲಗಡೆಯದನ್ನು ಅಳಿಸಿದೆ. ಆಗ ಇಡೀ ತಂಬಿಗೆ ಒಂದು ಕಡೆ ವಾಲಿದಂತೆ ಕಂಡಿತು, ನೋಡಿದವರು ಮಾಸ್ತರನ ಕೈ ನಡುಗಿದೆ ಎನ್ನುತ್ತಾರೆ. ಅರ್ಧ ತಾಸು ಒದ್ದಾಡಿ ಎಡಗಡೆಯದನ್ನೂ ಅಳಿಸಿಬಿಟ್ಟೆ. ಒಂದು ಸಣ್ಣ ನೆಗ್ಗಿನಲ್ಲಿ ಏನಿದೆ, ಒಟ್ಟು ಆಕಾರ ಮುಖ್ಯವಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ ಕೈ ಓಡಿತು. ನೆರಳು, ಮಿಂಚು, ಕೊರಳಿನ ಸುತ್ತಿನ ಎರಡು ಗೆರೆ, ಕಟ್ಟೆಯ ಮೇಲೆ ಬಿದ್ದ ತಂಬಿಗೆಯ ಛಾಯೆ, ಎಲ್ಲ ಕೂಡಿ ಬಂದವು. ಅಂಥ ತಂಬಿಗೆಯನ್ನು ನಾನು ಅದಕ್ಕಿಂತ ಮೊದಲೂ ಬಿಡಿಸಿರಲಿಲ್ಲ, ಆಮೇಲೂ ಬಿಡಿಸಲಿಲ್ಲ.

ಅವ್ವನಿಗೆ ತೋರಿಸಿದೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನಿಂದ ಚಿತ್ರದ ಹೊಟ್ಟೆಯನ್ನು ಒಮ್ಮೆ ಸವರಿದಳು.

"ಭಾಳ ಚಂದ ಬಂದೈತಿ" ಎಂದಳು. "ಯಾರದಪಾ ಇದು?"

ನಾನು ನಕ್ಕುಬಿಟ್ಟೆ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡೆ. ನನಗೆ ಕೇಳಬೇಕಾಗಿದ್ದ ಮೊದಲ ಮೂರು ಮಾತು ಕೇಳಿಯಾಗಿತ್ತು, ಉಳಿದದ್ದರ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ.

ಚಿತ್ರ ಒಯ್ದಿದ್ದ ಬಸಣ್ಣ ಮುಂದಿನ ವಾರ ಬಂದ. ಬರಿಗೈಯಲ್ಲಿ ಬಂದರೂ ಮುಖ ಅರಳಿತ್ತು. "ಏನ್ ಚಿತ್ರಾರೀ ಮಾಸ್ತರ್ರ! ಊರ ಮಂದಿ ಬಂದು ನೋಡಿ ಹೋಗಾಕತ್ತಾರ. ಕಾಜಿನ ಚೌಕಟ್ಟು ಕಟ್ಟಿಸಿ ಪಡಸಾಲಿ ಗ್ವಾಡಿಗೆ ಹಾಕೇವಿ."

"ತಂಬಿಗಿ ಸಿಕ್ತೇನಪಾ?" ಎಂದು ಒಳಗಿನಿಂದ ಅವ್ವ ಕೇಳಿದಳು.

"ಇಲ್ಲಬೇ ಯವ್ವಾ. ಒಂದು ಅಂಥದ ಇತ್ತು ಖರೆ, ಅದ ಕೊಳ್ಳು, ಅದ ಬಾಯಿ. ನಾಕು ಮಂದಿ ಹಿರ್ಯಾರು ಚಿತ್ರ ಬಾಜೂಕ ಹಿಡಿದು ನೋಡಿದ್ರು. ಚಿತ್ರದಾಗಿಂದು ಹೊಚ್ಚ ಹೊಸಾದ್ರಂಗ ಐತಿ, ಇದಕ್ಕ ನೋಡಿದ್ರ ಹೊಟ್ಟಿ ಮ್ಯಾಲ ಇಷ್ಟು ನೆಗ್ಗು. ಮಾಸ್ತರು ಇಷ್ಟು ಬರೋಬರಿ ತಗದಾರ, ನೆಗ್ಗು ಇದ್ದಿದ್ರ ಬಿಡ್ತಿದ್ರೇನು ಅಂದ್ರು. ಬ್ಯಾರೆ ಯಾರೂ ಕೇಳಾಕ ಬರಲಿಲ್ಲ. ಒಡಕು ಪಾತ್ರೆ ಜೋಡಿ ಅದನ್ನೂ ಬೋಗಾರಗ ಹಾಕಿಬಿಟ್ವಿ."

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ಅಕ್ಕಿಆಲೂರಿನಲ್ಲಿ ಬೋಗಾರನ ಅಂಗಡಿ ಹುಡುಕಿದೆ. ಅವನು ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟ. ಹಳೇ ತಾಮ್ರದ ಚೀಲ ನಿನ್ನೆಯೇ ಹುಬ್ಬಳ್ಳಿಯ ಲಾರಿಗೆ ಹೋಯಿತು ಎಂದ. ಬೆನ್ನು ಹತ್ತಿದರೆ ಸಿಗಬಹುದೇ ಎಂದು ಕೇಳಿದೆ. "ಏನ್ ಸಿಗತೈತ್ರಿ? ಜಾಗಾ ಉಳೀಲಿ ಅಂತ ಎಲ್ಲಾ ಸುತ್ತಗೀಲೆ ಬಡಿದು ಚಪ್ಪಟಿ ಮಾಡಿನ ತುಂಬತೇವ್ರಿ" ಎಂದ. ಮೂವತ್ತು ವರ್ಷ ಅವ್ವ ಒಂದು ಪೆಟ್ಟು ಬೀಳಗೊಡದೆ ಕಾಪಾಡಿದ ತಂಬಿಗೆ. ನಾನು ಅಂಗಡಿಯ ಹೊಸ ಹಂಡೆಗಳ ನಡುವೆ ಕುಳಿತು ಅತ್ತೆ. ಬೋಗಾರನಿಗೆ ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ಲೋಟ ನೀರು ಕೊಟ್ಟ.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ, ಸುತ್ತಿಗೆಯ ಮಾತೊಂದನ್ನು ಬಿಟ್ಟು. ಅವಳು ತಲೆಯಾಡಿಸಿದಳು. ಭಾನುವಾರ ಮಧ್ಯಾಹ್ನ ಅಡಿಗೆಯಾಗುವುದರೊಳಗೆ ಅವಳೇ ನನ್ನನ್ನು ಕರೆದು, "ಇನ್ನೊಮ್ಮೆ ತಗೀತೀಯೇನು? ನೆಗ್ಗು ಹಾಕಿ ತಗಿ. ನನ್ನ ಹತ್ರ ಇಟ್ಕೋತೇನಿ" ಎಂದಳು. ನಾನು ಉತ್ಸಾಹದಿಂದ ಕುಳಿತೆ. ಮಡಚದೆಯೇ ಬಿಡಿಸಿದೆ. ನೆಗ್ಗು ಹಾಕಿದೆ. "ಅಲ್ಲಲ್ಲ, ಇನ್ನೀಟು ಕೆಳಗ" ಎಂದಳು. ಅಳಿಸಿ ಕೆಳಗೆ ಹಾಕಿದೆ. "ಇಷ್ಟು ಆಳ ಇರಲಿಲ್ಲ." ತೆಳುಮಾಡಿದೆ. ಅವಳು ಗಾಳಿಯಲ್ಲಿ ತಂಬಿಗೆ ಎತ್ತುವ ಹಾಗೆ ಕೈ ಹಿಡಿದು, ಹೆಬ್ಬೆರಳನ್ನು ಮಡಚಿ, ಹೀಗೆ ಇತ್ತು ಎಂದು ತೋರಿಸಿದಳು. ಹಾಳೆ ಅಳಿಸಿ ಅಳಿಸಿ ತೂತು ಬೀಳುವ ಹಾಗಾಯಿತು. ಆ ನೆಗ್ಗು ದುಂಡಗಿತ್ತೋ ಉದ್ದಕ್ಕಿತ್ತೋ ನನಗೆ ಗೊತ್ತೇ ಇರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿದ್ದ ತಂಬಿಗೆ ಅದು. ಕಡೆಗೆ ಅವ್ವ ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಬಿಡಪಾ. ನೀ ಅದನ್ನ ಸರಿಯಾಗಿ ನೋಡಿರ್ಲಿಲ್ಲ ಕಾಣತೈತಿ" ಎಂದಳು.

ಅವಳು ಅದನ್ನು ಬಯ್ಯಲು ಹೇಳಿರಲಿಲ್ಲ. ಆದರೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನೈದು ವರ್ಷ ವಸ್ತುಚಿತ್ರ ಕಲಿಸಿದ ಮಾಸ್ತರನಿಗೆ ನೋಡಲು ಬರುವುದಿಲ್ಲವೇ? ಪೆನ್ಸಿಲು ಎಸೆದು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದೆ. ಸುಶೀಲಾ ಊಟಕ್ಕೆ ಕರೆದಳು, ಹಸಿವಿಲ್ಲ ಎಂದೆ. ನಲವತ್ತು ದಾಟಿದ ಗಂಡಸು, ಇಬ್ಬರು ಮಕ್ಕಳ ಅಪ್ಪ. ಸ್ವಲ್ಪ ಹೊತ್ತಿಗೆ ಕಾಲೆಳೆದುಕೊಂಡು ಬರುವ ಸದ್ದು ಕೇಳಿತು. ಅವ್ವ ಬಾಗಿಲು ಹಿಡಿದು, ಸೊಂಟದ ನೋವಿಗೆ ಉಸಿರು ಬಿಗಿಹಿಡಿದು, ಕಷ್ಟಪಟ್ಟು ನನ್ನ ಪಕ್ಕದಲ್ಲಿ ಕುಳಿತಳು. ತಲೆಯ ಮೇಲೆ ಕೈಯಿಟ್ಟಳು.

"ಏಳು, ಉಣ್ಣು. ಅಕ್ಕಿಆಲೂರಿಗೆ ಕಳಿಸಿದ್ದು ಭಾಳ ಚಂದ ಇತ್ತು. ನಾ ಮೊದಲ ದಿನಾನ ಹೇಳಿದ್ದೆನಲ್ಲ?"

ಮಗಳನ್ನು ಕಳೆದುಕೊಂಡವಳು ಅವಳು, ತಂಬಿಗೆಯನ್ನು ಕಳೆದುಕೊಂಡವಳೂ ಅವಳೇ. ಇಂದು ಅದನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆದರೆ ಆವತ್ತು ನಾನು ಎದ್ದು ಕುಳಿತು, ಮೂಗು ಒರೆಸಿಕೊಂಡು, "ಖರೇನ ಚಂದ ಇತ್ತೇನು?" ಎಂದು ಅವಳಿಂದ ಇನ್ನೊಂದು ಸಲ ಹೇಳಿಸಿಕೊಂಡೆ. ಆಮೇಲೆಯೇ ಊಟಕ್ಕೆ ಎದ್ದೆ.