ನನ್ನ ಕಡೆಯಿಂದ ಏನೂ ಇಲ್ಲ

ಮನಸ್ಸಿನೊಳಗೆ ನಾನು ಮಹಾ ಮಾತುಗಾರ. ಇದನ್ನು ಯಾರೂ ನಂಬುವುದಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಹದಿನೆಂಟು ವರ್ಷಗಳಿಂದ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ದಿನಾ ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ಸರದಿಯಂತೆ ವರದಿ ಒಪ್ಪಿಸುತ್ತಾರೆ. ನನ್ನ ಸರದಿ ಬಂದಾಗ ‘ನನ್ನ ಕಡೆಯಿಂದ ಏನೂ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತೇನೆ. ಮನೆಯಲ್ಲೂ ಅಷ್ಟೇ. ಸಂಜೆಗೆ ಏನು ಅಡುಗೆ ಮಾಡಲಿ ಎಂದು ಹೆಂಡತಿ ಸುಮಿತ್ರ ಕೇಳಿದರೆ ‘ಏನಾದ್ರೂ ಮಾಡು’ ಎಂದು ಮತ್ತೆ ಕಿಟಕಿಯಾಚೆಯ ಮೋಡ ನೋಡುತ್ತೇನೆ.

ಇಂಥ ನನ್ನನ್ನು ಶಿಲ್ಪಾ ಎಂಬ ಹುಡುಗಿ ಭಾಷಣಕ್ಕೆ ಕರೆದಳು. ನನ್ನಂತೆ ತಪ್ಪು ಹುಡುಕುವವರದೇ ಒಂದು ಬಳಗವಿದೆ. ಬೇರೆ ಬೇರೆ ಕಂಪನಿಗಳವರು ತಿಂಗಳಿಗೊಂದು ಶನಿವಾರ ಸೇರಿ, ಒಬ್ಬರ ಮಾತು ಕೇಳಿ, ತಿಂಡಿ ತಿಂದು ಹೋಗುತ್ತಾರೆ. ಅದನ್ನು ನಡೆಸುವವಳು ಅವಳೇ. “ಇಪ್ಪತ್ತೇ ನಿಮಿಷ ಸಾರ್. ನಿಮ್ಮ ಎಕ್ಸ್‌ಪೀರಿಯನ್ಸ್ ಹೇಳಿದ್ರೆ ಸಾಕು” ಎಂದಳು. ಒಪ್ಪಿಬಿಟ್ಟೆ. ಜೀವನದಲ್ಲಿ ಒಂದು ಸಲವಾದರೂ ನನ್ನ ಕಡೆಯಿಂದ ಏನಾದರೂ ಇರಲಿ ಎಂಬ ಆಸೆ ನಿಜಕ್ಕೂ ನನ್ನನ್ನು ಕಾಡುತ್ತಿತ್ತು.

ನಾಗಸಂದ್ರದ ನಮ್ಮ ಮನೆಯಿಂದ ವೈಟ್‌ಫೀಲ್ಡಿಗೆ ಎರಡು ಮೆಟ್ರೊ ರೈಲು. ಎರಡು ವಾರ ನನ್ನ ಅಭ್ಯಾಸವೆಲ್ಲ ಅಲ್ಲೇ. ಬಾಯಿಬಿಟ್ಟು ಹೇಳಿದರೆ ಪಕ್ಕದವರು ಎದ್ದುಹೋದಾರೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ತಾರಸಿಗಳ ಮೇಲಿನ ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಸೀರೆಗಳು, ಗೂಡ್ಸ್ ಬೋಗಿಯಂತೆ ಸಾಲಾಗಿ ತೇಲುವ ಮೋಡಗಳು, ಎಲ್ಲವೂ ಕಿವಿಗೊಟ್ಟು ಕೇಳುತ್ತಿದ್ದವು. ಹೂಡಿ ಸ್ಟೇಷನ್ ಬರುವಷ್ಟರಲ್ಲಿ ಮನಸ್ಸಿನೊಳಗಿನ ಸಭೆ ನಗುತ್ತಿತ್ತು. ಕುಂದಲಹಳ್ಳಿಯಲ್ಲಿ ಚಪ್ಪಾಳೆ.

ಸುಮಿತ್ರ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೊಲಿಗೆ ಮಿಷನ್ನುಗಳ ಸದ್ದಿನ ಮೇಲೆ ದಿನವಿಡೀ ಮಾತಾಡುವವಳು. “ನಾನೂ ರಜ ಹಾಕಿ ಬರ್ತೀನಿ ಕಣ್ರೀ. ನೀವು ಇಪ್ಪತ್ತು ನಿಮಿಷ ಒಂದೇ ಸಮ ಮಾತಾಡೋದನ್ನ ನಾನು ನೋಡ್ಬೇಡ್ವಾ?” ಎಂದಳು.

ಆ ಶನಿವಾರ ವೈಟ್‌ಫೀಲ್ಡಿನ ಒಂದು ಕಟ್ಟಡದ ಏಳನೇ ಮಹಡಿಯ ಸಭಾಂಗಣದಲ್ಲಿ ಮೂವತ್ತು ಜನ. ಮನೆಯಿಂದಲೇ ಕಂಪ್ಯೂಟರಿನಲ್ಲಿ ನೋಡುವವರು ಇನ್ನಷ್ಟು. ಹಿಂದಿನ ಸಾಲಿನಲ್ಲಿ ಸುಮಿತ್ರ. ಶುರುವಿನ ಐದು ನಿಮಿಷ ಸರಾಗವಾಗಿ ಹೋಯಿತು. ಆಮೇಲೆ ನನಗೆ ಅತಿ ಪ್ರಿಯವಾದ ಕಥೆ ಬಂತು. ಫೆಬ್ರವರಿ ಇಪ್ಪತ್ತೊಂಬತ್ತರಂದು ಹುಟ್ಟಿದವರ ಅರ್ಜಿಯನ್ನೇ ತಗೊಳ್ಳದ ಒಂದು ಪ್ರೋಗ್ರಾಂ, “ಹಾಗಾದ್ರೆ ನಾನು ಹುಟ್ಟೇ ಇಲ್ವಾ ಸಾರ್?” ಎಂದು ಕೇಳಿದ ಮುದುಕ. ಅಷ್ಟರಲ್ಲಿ ಕಿಟಕಿಯಾಚೆ ಒಂದು ಬಿಳಿ ಮೋಡ ನಿಧಾನವಾಗಿ ತೇಲಿ ಬಂತು. ಅದನ್ನೇ ನೋಡುತ್ತಾ, ಕೈಯಾಡಿಸುತ್ತಾ, ತನ್ಮಯನಾಗಿ ಕಥೆ ಹೇಳಿದೆ. ಅಭ್ಯಾಸದಲ್ಲಿ ಹೂಡಿ ಬರುತ್ತಿದ್ದ ಜಾಗಕ್ಕೆ ಬಂದಾಗ ನಗುವಿಗಾಗಿ ನಿಂತೆ.

ಯಾರೂ ನಗಲಿಲ್ಲ. ಶಿಲ್ಪಾ ಮೈಕನ್ನು ತಟ್ಟಿ ನೋಡುತ್ತಿದ್ದಳು. ಒಬ್ಬರು ಹೊಸ ಬ್ಯಾಟರಿ ಹಿಡಿದು ಓಡಿ ಬಂದರು. “ಮೇಡಂ, ಸಾರ್ ಮ್ಯೂಟ್ ಆಗಿದಾರೆ. ಆನ್‌ಲೈನ್‌ನಲ್ಲೂ ಕೇಳಿಸ್ತಿಲ್ಲವಂತೆ” ಎಂದರು ಇನ್ನೊಬ್ಬರು. ನಮ್ಮ ಲೋಕದಲ್ಲಿ ದನಿ ಬರದಿದ್ದರೆ ತಪ್ಪು ಯಂತ್ರದ್ದೇ. ಮನುಷ್ಯನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಾನೂ ಮೈಕನ್ನೇ ದುರುಗುಟ್ಟಿ ನೋಡಿದೆ. ಆಗ ಹಿಂದಿನ ಸಾಲಿನಿಂದ ಆ ಕಾರ್ಖಾನೆಯ ದನಿ ಕೇಳಿಸಿತು: “ರೀ, ಬಾಯಿ ಬಿಟ್ಟು ಹೇಳ್ರೀ! ಮನಸ್ಸಲ್ಲೇ ಹೇಳ್ಕೋತಿದ್ದೀರ!”

ತಪ್ಪು ಹುಡುಕುವ ಮೂವತ್ತು ಜನರಿದ್ದ ಕಡೆ, ತಪ್ಪು ಸಿಕ್ಕಿದ್ದು ಅವಳಿಗೆ. ನಾಚಿಕೆಯಾದರೂ ಕಥೆಯನ್ನು ಮತ್ತೆ, ಈ ಸಲ ಗಟ್ಟಿಯಾಗಿ, ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುದುಕನ ಮಾತಿಗೋ ನನಗೋ ತಿಳಿಯದು, ಆದರೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಕೊನೆಗೆ ಸುಮಿತ್ರಳಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆಂದು ನಿರ್ಧರಿಸಿದೆ. “ಸಾರ್, ಕೊನೆಯದಾಗಿ ಏನಾದ್ರೂ?” ಎಂದಳು ಶಿಲ್ಪಾ.

“ನಥಿಂಗ್ ಫ್ರಮ್ ಮೈ ಸೈಡ್” ಎಂದಿತು ನನ್ನ ನಾಲಿಗೆ. ಚಪ್ಪಾಳೆ ಬಿತ್ತು.

ಆ ಬಾಕಿಯನ್ನು ಮರಳುವಾಗ ಮೆಟ್ರೊದಲ್ಲಿ ತೀರಿಸಿದೆ. ಅವಳಿಲ್ಲದಿದ್ದರೆ ನಾನಿನ್ನೂ ಆ ಮೋಡದ ಹಿಂದೆಯೇ ಇರುತ್ತಿದ್ದೆ ಎಂದೆ. ಇಷ್ಟು ವರ್ಷ ನನ್ನ ಮೌನವನ್ನು ಸಹಿಸಿಕೊಂಡವಳು ಅವಳು ಎಂದೆ. ಹೂಡಿಯಿಂದ ಇಂದಿರಾನಗರದವರೆಗೆ ಎದೆಯಲ್ಲಿದ್ದದ್ದನ್ನೆಲ್ಲ ಹೇಳಿದೆ, ಕಣ್ಣು ತೇವವಾಯಿತು. ಅವಳು ಸುಮ್ಮನೆ ಹೊರಗೆ ನೋಡುತ್ತಿದ್ದಳು. ಮೆಜೆಸ್ಟಿಕ್ ಹತ್ತಿರ ಬಂದಾಗ ನನ್ನ ಭುಜ ಅಲುಗಿಸಿದಳು.

“ಏನ್ರೀ, ಹತ್ತಿದಾಗಿಂದ ಒಂದ್ ಮಾತೂ ಇಲ್ಲ?”

ಈ ಸಲ ಅನುಮಾನ ಪಡಲು ಮೈಕೂ ಇರಲಿಲ್ಲ.