ನೂರನೆಯ ಗೋಲಿನ ಕುಣಿತ

ಎಲ್ಲ ರಗಳೆಗೂ ಮೂಲ ಈನಿಡ್ ಅಜ್ಜಿಯ ಹೊಸ ಕನ್ನಡಕ.

ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ ಆಕೆ ಅದನ್ನು ಮೂಗಿಗೇರಿಸಿ, ಮಧ್ಯಾಹ್ನದ ಪಂದ್ಯದ ಪುಸ್ತಿಕೆ ಹಿಡಿದು ಕೂರದೇ ಇದ್ದಿದ್ದರೆ, ಆಕೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೂವತ್ತಾರು ವರ್ಷದ ಫುಟ್‌ಬಾಲ್ ಸ್ಟ್ರೈಕರ್ ಟೆರಿ ಕಲ್ಶಾ ಎಂದಿನಂತೆ ಮೈದಾನಕ್ಕೆ ಹೋಗಿ, ಎಂದಿನಂತೆ ಮೂರು ಅವಕಾಶ ಹಾಳು ಮಾಡಿ, ಎಂದಿನಂತೆ ಬಿಸಿನೀರಲ್ಲಿ ಮಂಡಿ ನೆನೆಸಿಕೊಂಡು ಮಲಗುತ್ತಿದ್ದ.

"ಟೆರಿ, ನೀನಾಡಿದ ಕ್ಲಬ್ಬುಗಳ ಪಟ್ಟಿ ಹಾಕಿದಾರೆ ಕಣೋ. ನಮ್ಮಪ್ಪನ್ನ ಮಣ್ಣು ಮಾಡೋಕೆ ಬಂದೋರ ಪಟ್ಟಿನೂ ಇಷ್ಟುದ್ದ ಇರ್ಲಿಲ್ಲ."

"ಗಟ್ಟಿಯಾಗಿ ಓದ್ಬೇಡಿ ಅಜ್ಜಿ, ತಿಂದಿದ್ದು ವಾಪಸ್ ಬರುತ್ತೆ."

"ಅದಲ್ವೋ. ಇವತ್ತು ಬರ್ತಾ ಇದಾರಲ್ಲ ಮಾರ್ವಿಕ್‌ನೋರು, ಅವ್ರ ಹೆಸರೇ ಇದ್ರಲ್ಲಿಲ್ಲ!"

ಟೆರಿಯ ಕೈಯಲ್ಲಿದ್ದ ಬ್ರೆಡ್ಡು ಬಾಯಿಯ ದಾರಿಯಲ್ಲೇ ನಿಂತಿತು.

ಹದಿನೆಂಟು ವರ್ಷದಲ್ಲಿ ಹತ್ತೊಂಬತ್ತು ಕ್ಲಬ್ಬು ಕಂಡವನು ಟೆರಿ. ಟೀವಿಯಲ್ಲಿ ಬರುವ ದೊರೆಗಳ ಲೀಗಲ್ಲ. ಅದರ ಕೆಳಗಿನದರ ಕೆಳಗಿನದು, ಅದರ ಕೆಳಗೂ ಒಂದಿದೆ ಎಂಬುದನ್ನು ಪತ್ರಿಕೆಯವರೇ ಮರೆತ ಲೀಗು. ಒಬ್ಬರು ಕೊಂಡರು, ಒಬ್ಬರು ಎರವಲು ಪಡೆದರು, ಇನ್ನೊಬ್ಬರು ಒಂದು ಚಳಿಗಾಲ ಬಳಸಿ ಸಾಕಪ್ಪ ಎಂದರು. ಮದುವೆಮನೆಯ ಪಾತ್ರೆಯ ಹಾಗೆ ಊರೂರು ತಿರುಗಿ, ಎಲ್ಲರ ಹೆಸರನ್ನೂ ಮೈಮೇಲೆ ಕೆತ್ತಿಸಿಕೊಂಡಿದ್ದ. ಈಗ ನಮ್ಮ ಸ್ಕೆಲ್ಬಿ ಟೌನಿನ ಸರದಿ. ಲೀಗಿನ ಇಪ್ಪತ್ತು ತಂಡಗಳಲ್ಲಿ ಅವನ ಬೆವರು ಕುಡಿಯದೆ ಉಳಿದದ್ದು ಒಂದೇ: ಈ ವರ್ಷವಷ್ಟೇ ಕೆಳಗಿಂದ ಹತ್ತಿ ಬಂದ ಮಾರ್ವಿಕ್ ಯುನೈಟೆಡ್.

ಅದರಿಂದೇನಾಯಿತು ಅಂದರೆ, ಆಟಗಾರರ ನಡುವೆ ಒಂದು ಕಟ್ಟುಪಾಡಿದೆ. ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ, ಆದರೆ ಮುರಿದವನಿಗೆ ಮರ್ಯಾದೆಯಿಲ್ಲ. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದರೆ ಕುಣಿಯಬಾರದು. ಎರಡೂ ಕೈಯೆತ್ತಿ, ತಲೆ ತಗ್ಗಿಸಿ, ತಪ್ಪಾಯಿತೆಂಬ ಮುಖದಲ್ಲಿ ನಡೆದು ಬರಬೇಕು. ಉಂಡ ಮನೆಯ ಜಂತೆ ಎಣಿಸಬಾರದಲ್ಲ, ಹಾಗೆ. ಆರು ವರ್ಷದ ಹಿಂದೆ ಒಮ್ಮೆ ಟೆರಿ ಮೈಮರೆತು ಕುಣಿದಿದ್ದ. ಆ ಕ್ಲಬ್ಬಿಗೆ ತಾನು ಮೂರು ವಾರ ಆಡಿದ್ದು ಅವನಿಗೆ ನೆನಪೇ ಇರಲಿಲ್ಲ. ಅಲ್ಲಿನ ಚಹಾ ಮಾಡುವ ಹೆಂಗಸು ಗೆರೆಯ ತನಕ ಓಡಿಬಂದು, "ನಿನ್ನ ಕಾಲುಚೀಲಕ್ಕೆ ತೇಪೆ ಹಾಕಿದ್ದು ಇದೇ ಕೈ ಕಣೋ!" ಎಂದು ಗೊಳೋ ಅಂದಳು. ಅಂದಿನಿಂದ ಟೆರಿಗೆ ಗೋಲೆಂದರೆ ಸೂತಕ. ಹೊಡೆದಾಗಲೆಲ್ಲ ಹರಳೆಣ್ಣೆ ಕುಡಿದ ಮುಖ. ಹೊಡೆಸಿಕೊಂಡವರೆಲ್ಲ ಹಳೆಯ ಮನೆಯವರೇ.

ಈಗ ಅವನ ಖಾತೆಯಲ್ಲಿ ತೊಂಬತ್ತೊಂಬತ್ತು ಗೋಲು. ಆಗಸ್ಟಿನಿಂದ ಅಲ್ಲೇ ನಿಂತಿದೆ. ನೂರನೆಯದು ಇವತ್ತು ಬಿದ್ದರೆ, ದೇವರೇ, ಕುಣಿಯಬಹುದು!

"ಅಜ್ಜಿ! ಕುಣೀಬಹುದು ನಾನು!"

"ಕುಣಿ ಮರಿ, ಯಾರು ಬೇಡ ಅಂದ್ರು?"

ಕುಣಿತವೂ ಕಲಿತರೆ ತಾನೆ ಬರುವುದು? ಆರು ವರ್ಷದಲ್ಲಿ ಎಲ್ಲ ಮರೆತಿತ್ತು. ಅಜ್ಜಿ ಆಗತಾನೆ ಒರೆಸಿದ್ದ ನಡುಮನೆಯಲ್ಲಿ ಟೆರಿ ನಾಲ್ಕು ಹೆಜ್ಜೆ ಓಡಿ, ಎರಡೂ ಮಂಡಿಯೂರಿ ಸರ್ರನೆ ಜಾರಿದ. ಜಾರುವುದು ಸುಲಭ, ನಿಲ್ಲುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕ್ರಿಸ್‌ಮಸ್ ಮರ, ಅದರ ಗಾಜಿನ ಗುಂಡು, ನಕ್ಷತ್ರ, ದೀಪದ ಸರ ಎಲ್ಲ ಅವನ ಮೇಲೆ ಬಿದ್ದವು. ಬಣ್ಣದ ಕಾಗದ ಸುತ್ತಿಕೊಂಡು ಎದ್ದು ಕೂತ ಟೆರಿ ಯಾರೋ ಬಿಚ್ಚಿ ನೋಡಿ ಬೇಡವೆಂದು ಬಿಟ್ಟುಹೋದ ಉಡುಗೊರೆಯಂತಿದ್ದ.

"ಗೋಲು ಹೊಡಿ ಅಂದ್ರೆ ನನ್ನ ಮರ ಹೊಡ್ದಲ್ಲೋ!" ಎಂದು ಅಜ್ಜಿ ಪೊರಕೆ ತರಲು ಹೋದವಳು, ಪೊರಕೆ ಬಿಟ್ಟು ಬೀದಿಗೇ ಹೋದಳು. ಅರ್ಧ ಗಂಟೆಯಲ್ಲಿ ಇಡೀ ಬೀದಿಗೆ ಸುದ್ದಿ. ಟೆರಿ ಚೀಲ ಹೆಗಲಿಗೇರಿಸಿ ಹೊರಬಿದ್ದಾಗ ಅಂಚೆಯವನು ರಸ್ತೆಯಲ್ಲೇ ಕೈಚಾಚಿ ವಿಮಾನವಾಗಿ ತೋರಿಸಿದ. ಮಾಂಸದಂಗಡಿಯವನು, "ಅಂಗಿ ಬಿಚ್ಚಿ ಬೀಸಪ್ಪಾ, ಗಂಡಸು ಅನ್ನಿಸ್ಕೊ" ಎಂದ. ಚರ್ಚಿನ ಪಾದ್ರಿ ಮಾತ್ರ ಮೆಲ್ಲಗೆ ಹತ್ತಿರ ಬಂದು, "ಗಾಲಿ ಥರ ಉರುಳಿ ಒಂದು ಸಣ್ಣ ಕಾರ್ಟ್‌ವೀಲ್ ಹಾಕಿದ್ರೆ ದೇವರೇನೂ ಬೇಜಾರು ಮಾಡ್ಕೊಳಲ್ಲ" ಎಂದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಜೆರ್ಸಿ ಹಂಚುವ ಮುದುಕ ವಿಲ್ಫ್ ಕಾದಿದ್ದ. ನಲವತ್ತು ವರ್ಷದ ಕೊಳೆಬಟ್ಟೆಯ ಜೊತೆಗೆ ನಲವತ್ತು ವರ್ಷದ ಪಂದ್ಯಗಳೂ ಅವನ ತಲೆಯಲ್ಲಿದ್ದವು. ಎರಡನ್ನೂ ಅವನು ಸರಿಯಾಗಿ ಒಗೆದಿರಲಿಲ್ಲ.

"ಮಾರ್ವಿಕ್‌ಗೆ ಆಡಿಲ್ವಾ ನೀನು? ಹದಿನೇಳು ವರ್ಷದ ಹಿಂದೆ, ಬೇಸಿಗೇಲಿ, ಟ್ರಯಲ್‌ಗೆ ಅಂತ ಹೋಗಿದ್ಯಲ್ಲೋ. ಸುಮ್ನೆ ಒಂದು ಪಂದ್ಯ. ಇಪ್ಪತ್ತು ನಿಮಿಷ."

"ಅದು ಮಾರ್ವಿಕ್ಕಾ?" ಟೆರಿಯ ಮುಖ ಬಿಳಿಚಿತು. ಅವನಿಗೆ ನೆನಪಿತ್ತು: ಮಳೆ, ಬೆನ್ನ ಮೇಲೆ ಹದಿನಾಲ್ಕನೇ ನಂಬರು, ಹಿಂದಿನ ದಿನದ ಚಹಾ. ಯಾವ ಊರು? ಅವನ ವೃತ್ತಿಯ ಎಲ್ಲ ಊರಲ್ಲೂ ಮಳೆ, ಎಲ್ಲ ಊರಲ್ಲೂ ಅದೇ ಚಹಾ.

ಮ್ಯಾನೇಜರ್ ಬ್ಯಾಗ್‌ಶಾ ಬಾಗಿಲಲ್ಲಿ ನಿಂತು ಕಿರುಚಿದ: "ಏನ್ರೋ ಅದು ಗುಸುಗುಸು?"

"ಯಜಮಾನ್ರೇ, ಟ್ರಯಲ್‌ಗೆ ಹೋದ ಕ್ಲಬ್ಬು ಹಳೇ ಕ್ಲಬ್ಬು ಆಗುತ್ತಾ?"

"ಊಟ ಹಾಕಿದ್ರಾ?"

"ನೆನಪಿಲ್ಲ."

"ಹಾಕಿದ್ರೆ ಆಗುತ್ತೆ. ಬರೀ ಚಹಾ ಆದ್ರೆ ಆಗಲ್ಲ. ಲೇ, ಮೊದ್ಲು ಗೋಲು ಹೊಡಿಯೋ! ನಾಲ್ಕು ತಿಂಗ್ಳಿಂದ ಚೆಂಡಿಗೆ ನಿನ್ನ ಮುಖ ಪರಿಚಯಾನೇ ಇಲ್ಲ!"

ಮೂರು ಗಂಟೆಗೆ ಆಟ ಶುರುವಾಯಿತು. ಮೂರೂ ಐದಕ್ಕೆ ಮಾರ್ವಿಕ್ ಒಂದು ಗೋಲು. ಮೂರೂ ಇಪ್ಪತ್ತಕ್ಕೆ ಎರಡು. ಅರ್ಧ ಆಟಕ್ಕೆ ಮೂರು. ಟೆರಿಗೆ ಸೋಲಿನ ಗೊಡವೆಯೇ ಇರಲಿಲ್ಲ. ಊಟವೋ ಚಹಾವೋ ಎಂಬ ಒಂದೇ ಕೊರೆತ. ಗೋಲಿನ ಬಾಯಲ್ಲಿ ಚೆಂಡು ಬಂದು ಕಾಲಿಗೆ ಬಿದ್ದಾಗ, ಊಟವೇ ಇರಬಹುದೆಂದು ಹೆದರಿ ಆಕಾಶಕ್ಕೆ ಒದ್ದ. ಇನ್ನೊಮ್ಮೆ ಖಾಲಿ ಗೋಲಿನೆದುರು ಬರೀ ಚಹಾ ಎಂದು ಗಟ್ಟಿ ಮಾಡಿಕೊಂಡು ಒದ್ದ. ಅಷ್ಟರಲ್ಲಿ ಚೆಂಡು ಹೊರಟುಹೋಗಿತ್ತು, ಮಣ್ಣಿನ ಹೆಂಟೆ ಗೋಲಿನೊಳಗೆ ಹೋಯಿತು.

"ಏ ಕಲ್ಶಾ! ಹೆಂಟೆಗೂ ಒಂದು ಗೋಲು ಬರ್ಕೊಳಪ್ಪ, ನೂರಾಗುತ್ತೆ!" ಎಂದು ನಮ್ಮವರೇ ಕೂಗಿದರು. ಸ್ಕೆಲ್ಬಿಯ ಜನಕ್ಕೆ ಪರವೂರಿನ ಶತ್ರುಗಳು ಬೇಕಿರಲಿಲ್ಲ.

ಎಂಬತ್ತನೇ ನಿಮಿಷಕ್ಕೆ ಮಾರ್ವಿಕ್ ನಾಲ್ಕನೆಯದನ್ನೂ ಹೊಡೆಯಿತು. ಮರುಕ್ಷಣವೇ ಟೆರಿ ಮತ್ತು ಮಾರ್ವಿಕ್‌ನ ಗೋಲು ಕಾಯುವ ಗೋಲಿ ಒಂದೇ ಚೆಂಡಿಗೆ ಹಾರಿ ಒಬ್ಬರ ಮೇಲೊಬ್ಬರು ಬಿದ್ದರು. ಗೋಲಿ ಏಳಲಿಲ್ಲ. ತಣ್ಣೀರಿನ ಬಕೆಟ್ಟು, ಸ್ಪಂಜು ಹಿಡಿದು ಮಾರ್ವಿಕ್‌ನ ಉಪಚಾರದ ಮುದುಕ ಕುಂಟುತ್ತ ಓಡಿಬಂದ. ವಯಸ್ಸು ಎಪ್ಪತ್ತರ ಮೇಲೆ. ಟೆರಿಗೆ ಮಿಂಚು ಹೊಡೆದಂತಾಯಿತು. ಗೊತ್ತಿದ್ದರೆ ಇವನಿಗೇ ಗೊತ್ತಿರಬೇಕು!

"ತಾತಾ, ಎಷ್ಟು ವರ್ಷದಿಂದ ಇದೀರಿ ಮಾರ್ವಿಕ್‌ನಲ್ಲಿ?"

"ಮೂವತ್ತೊಂದು. ಆ ಕಡೆ ಸರಿಯೋ, ಇವನಿಗೆ ಉಸಿರಾಡೋಕೆ ಜಾಗ ಕೊಡು."

"ಹದಿನೇಳು ವರ್ಷದ ಹಿಂದೆ ಟ್ರಯಲ್‌ಗೆ ನಾನು ಬಂದಿದ್ನಾ? ಸರಿಯಾಗಿ ನೋಡಿ ಹೇಳಿ. ನನ್ನ ಜೀವನದ ಪ್ರಶ್ನೆ!"

"ಮುಖ ನನಗೆ ನೆನಪಿರಲ್ಲಪ್ಪ. ಮಂಡಿ ತೋರ್ಸು."

ಟೆರಿ ಕಾಲುಚೀಲ ಇಳಿಸಿದ. ಮುದುಕ ಗೋಲಿಯನ್ನು ಬಿಟ್ಟು ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಲಸಿನ ಹಣ್ಣು ನೋಡುವವನ ಹಾಗೆ ಒತ್ತಿ, ತಟ್ಟಿ ನೋಡಿದ. ನೆಲದ ಮೇಲಿದ್ದ ಗೋಲಿ ಒಂದು ಕಣ್ಣು ತೆರೆದು, "ತಾತಾ, ಪೆಟ್ಟು ಬಿದ್ದಿರೋದು ನನಗೆ!" ಎಂದ. ರೆಫ್ರಿ ಸಿಳ್ಳೆ ಊದಿದ. ಮುದುಕನಿಗೆ ಯಾವುದೂ ಕೇಳಿಸಲಿಲ್ಲ.

"ಇಲ್ಲ," ಎಂದ ಕೊನೆಗೆ. "ಇಷ್ಟು ದರಿದ್ರ ಮಂಡಿ ನನ್ನ ಕೈಗೆ ಬಂದಿದ್ರೆ ಮರೀತಿದ್ನಾ? ಬಂದಿಲ್ಲ ನೀನು."

ಬಂದಿಲ್ಲ! ಟೆರಿ ಮುದುಕನ ಬೋಳುತಲೆಗೆ ಮುತ್ತಿಟ್ಟು ಎದ್ದ. ಅವನ ಕಾಲಿಗೆ ಹದಿನೆಂಟರ ಪ್ರಾಯ ಬಂದಿತ್ತು. ಓಡಿದ, ಬಿದ್ದ, ಎದ್ದ, ಮತ್ತೆ ಓಡಿದ. ಎಂಬತ್ತೆಂಟನೇ ನಿಮಿಷದಲ್ಲಿ ನಮ್ಮ ಹಿಂದಿನ ಸಾಲಿನ ಬ್ಯಾಕು ದಿಕ್ಕುಗಾಣದೆ ಎತ್ತರಕ್ಕೊದ್ದ ಚೆಂಡು ಗಾಳಿಗೆ ತಿರುಗಿ, ಮಾರ್ವಿಕ್‌ನ ಒಬ್ಬ ಬ್ಯಾಕಿನ ಬೆನ್ನಿಗೆ ತಾಗಿ, ಕೆಸರಲ್ಲಿ ಜಾರುತ್ತಿದ್ದ ಟೆರಿಯ ಎಡಗಿವಿಗೆ ಫಟ್ಟೆಂದು ಬಡಿದು, ಗೋಲಿಯ ಕಾಲಡಿ ನುಸುಳಿ ಒಳಗೆ ಹೋಯಿತು.

ನೂರು!

ಆಮೇಲೆ ನಡೆದದ್ದನ್ನು ಸ್ಕೆಲ್ಬಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಆರು ವರ್ಷದಿಂದ ಎದೆಯಲ್ಲಿ ಬೀಗ ಹಾಕಿಟ್ಟಿದ್ದ ಸಂತೋಷವೆಲ್ಲ ಒಂದೇ ಸಲ ಬಾಗಿಲು ಮುರಿದು ಹೊರಬಿತ್ತು. ಟೆರಿ ಮೊದಲು ವಿಮಾನವಾದ. ವಿಮಾನವಾಗಿಯೇ ಇಡೀ ಮೈದಾನ ದಾಟಿ ಮಾರ್ವಿಕ್ ಅಭಿಮಾನಿಗಳ ಎದುರಿಗೇ ಇಳಿದ. ಮಂಡಿಯಲ್ಲಿ ಹತ್ತು ಗಜ ಜಾರಿ ಅವರ ಬೇಲಿಗೆ ಗುದ್ದಿದ. ಎದ್ದು ಬೇಲಿ ಹತ್ತಿದ, ಅಂಗಿ ಕಳಚಿ ಬೀಸಿದ, "ಕೇಳಿಸ್ತಾ ಇಲ್ಲ! ಕೇಳಿಸ್ತಾ ಇಲ್ಲ!" ಎಂದು ಅವರತ್ತ ಕಿವಿಗೆ ಕೈಯಿಟ್ಟ. ಇಳಿದು ಮೂಲೆಯ ಬಾವುಟವನ್ನು ಕಿತ್ತು ಅದರ ಜೊತೆ ವಾಲ್ಟ್ಸ್ ನೃತ್ಯ ಮಾಡಿದ. ಕಾರ್ಟ್‌ವೀಲ್ ಹಾಕಹೋಗಿ ಮಾರ್ವಿಕ್ ಮ್ಯಾನೇಜರನ ಕಾಲ ಬಳಿ ಬೆನ್ನಡಿಯಾಗಿ ಬಿದ್ದು, ಬಿದ್ದಲ್ಲಿಂದಲೇ ಅವನಿಗೆ ನಾಲಿಗೆ ಚಾಚಿದ. ಮಾರ್ವಿಕ್ ಕಡೆಯ ಎಂಟುನೂರು ಜನ ಅವನ ಅಮ್ಮ, ಅಜ್ಜಿ, ಮುತ್ತಜ್ಜಿಯರನ್ನು ಒಬ್ಬೊಬ್ಬರಾಗಿ ನೆನೆದರು. ನಮ್ಮ ಕಡೆಯ ಒಂಬೈನೂರು ಜನ ಬಾಯಿಬಿಟ್ಟು ನಿಂತಿದ್ದರು.

ಯಾಕೆಂದರೆ ಸ್ಕೆಲ್ಬಿ ಇನ್ನೂ ನಾಲ್ಕು-ಒಂದರಲ್ಲಿ ಸೋಲುತ್ತಿತ್ತು.

"ಟೆರಿ," ಎಂದ ರೆಫ್ರಿ ಎಚ್ಚರಿಕೆಯ ಹಳದಿ ಚೀಟಿ ತೋರಿಸುತ್ತ, ಸ್ವಲ್ಪ ಮರುಕದಿಂದ, "ಸ್ಕೋರು ಗೊತ್ತಾ ನಿಂಗೆ?"

"ನೂರು ಸಾರ್!"

ಪಂದ್ಯ ಮುಗಿದು ಕಾಲು ಗಂಟೆಯಾಗಿರಲಿಲ್ಲ, ಅಧ್ಯಕ್ಷರ ಕೋಣೆಯಿಂದ ಕರೆ ಬಂತು. ಸ್ಕೆಲ್ಬಿಯ ಅಧ್ಯಕ್ಷ ಗ್ರಿಮ್‌ಸ್ಟನ್ ಸಾಸೇಜ್ ಕಾರ್ಖಾನೆಯ ಧಣಿ. ಪ್ರಾಣಿಯನ್ನೂ ಆಟಗಾರನನ್ನೂ ಒಂದೇ ಕಣ್ಣಲ್ಲಿ ಅಳೆಯುವವನು: ಎಷ್ಟು ಮಾಂಸ, ಎಷ್ಟು ಮೂಳೆ. ಇಂಥವರ ಕೈಗೇ ಕ್ಲಬ್ಬುಗಳು ಬೀಳುತ್ತವೆ, ಅದೇನು ಶಾಪವೋ. ಪಕ್ಕದಲ್ಲಿ ಬ್ಯಾಗ್‌ಶಾ ಗೋಡೆ ನೋಡುತ್ತ ನಿಂತಿದ್ದ.

"ನಾಲ್ಕು ಗೋಲು ತಿಂದು ಕುಣಿಯೋನು ನಮಗೆ ಬೇಡ," ಎಂದ ಗ್ರಿಮ್‌ಸ್ಟನ್. "ನನ್ನ ಮರ್ಯಾದೆ ಹರಾಜಾಯ್ತು. ನಿನ್ನ ಕೊಟ್ಬಿಟ್ಟೆ."

"ಕೊಟ್ರಾ? ಯಾರಿಗೆ? ಎಷ್ಟಕ್ಕೆ?"

"ಒಂದು ಹುಲ್ಲು ಕತ್ತರಿಸೋ ಯಂತ್ರಕ್ಕೆ. ಕೂತ್ಕೊಂಡು ಓಡಿಸೋದು," ಎಂದು ಬ್ಯಾಗ್‌ಶಾ ಗೋಡೆಗೆ ಹೇಳಿದ. "ಒಳ್ಳೇ ಕಂಡೀಷನ್ನು."

"ನಾನೂ ಒಳ್ಳೇ ಕಂಡೀಷನ್ನೇ!"

"ನೀನು ನಿಂತ್ಕೊಂಡೂ ಓಡಲ್ಲ. ಸೋಮವಾರದಿಂದ ಹೊಸ ಹುಡುಗ ಬರ್ತಾನೆ ಟೆರಿ. ಇಲ್ಲಿದ್ರೆ ಮೇ ತನಕ ಬೆಂಚು ಬಿಸಿ ಮಾಡ್ತೀಯ. ಅವ್ರು ಎರಡು ವರ್ಷ ಆಡಿಸ್ತಾರಂತೆ. ಸೈನ್ ಹಾಕು ಮಗಾ."

ಹತ್ತೊಂಬತ್ತು ಸಲ ಹಾಕಿ ರೂಢಿಯಾದ ಕೈ. ತಲೆ ಓದುವ ಮೊದಲೇ ಕೈ ಸೈನ್ ಹಾಕಿತ್ತು. ಆಮೇಲೆ ಟೆರಿ ಕಾಗದದ ತಲೆಬರಹ ನೋಡಿದ.

ಮಾರ್ವಿಕ್ ಯುನೈಟೆಡ್.

ಅವರ ಬಸ್ಸು ಗೇಟಿನ ಹೊರಗೆ ಗುರುಗುಡುತ್ತ ನಿಂತಿತ್ತು. ಸುತ್ತ ಅವರ ಅಭಿಮಾನಿಗಳು. ಟೆರಿ ಕೋಟಿನ ಕಾಲರು ಮೂಗಿನ ತನಕ ಎಳೆದುಕೊಂಡು ಕಳ್ಳನ ಹಾಗೆ ನುಸುಳಿದ. "ಏಯ್, ಬೇಲಿ ಹತ್ತಿದ ಮಂಗ ಇವನೇ ಕಣ್ರೋ!" ಎಂದು ಒಬ್ಬ ಗುರುತು ಹಿಡಿದ. ಒಂದು ಅರ್ಧ ತಿಂದ ಮಾಂಸದ ಕಡುಬು ಟೆರಿಯ ಎಡಗಿವಿಗೇ ಬಂದು ಬಡಿಯಿತು. ಇವತ್ತು ಆ ಕಿವಿಗೆ ಬಿಡುವಿರಲಿಲ್ಲ.

ಬಸ್ಸಿನೊಳಗೆ ಹನ್ನೊಂದು ಜನ ಅವನನ್ನೇ ನೋಡುತ್ತಿದ್ದರು. ಗೋಲಿಯ ಹಣೆಯಲ್ಲಿ ಕೋಳಿಮೊಟ್ಟೆ ಗಾತ್ರದ ಬೋರೆ. ಯಾರೂ ಜಾಗ ಬಿಡಲಿಲ್ಲ. ಮುಂದಿನ ಸೀಟಿನಿಂದ ಮ್ಯಾನೇಜರ್ ಎದ್ದು ಬಂದ. ಟೆರಿ ನಾಲಿಗೆ ಚಾಚಿದ್ದು ಇವನಿಗೇ. ಹೊಡೆತ ಬೀಳುತ್ತದೆಂದು ಟೆರಿ ಕಣ್ಣು ಮುಚ್ಚಿದ. ಬಿದ್ದದ್ದು ಅಪ್ಪುಗೆ.

"ಬಾರಯ್ಯಾ! ಮೂವತ್ತು ವರ್ಷ ಆಯ್ತು ನಾನು ಫುಟ್‌ಬಾಲಿಗೆ ಬಂದು. ಸೋಲ್ತಾ ಇರೋನು ಇಷ್ಟು ಖುಷಿಪಟ್ಟಿದ್ದು ನೋಡಿಲ್ಲ! ಈ ನನ್ನ ಮಕ್ಕಳನ್ನ ನೋಡು, ನಾಲ್ಕು ಗೋಲು ಹೊಡ್ದು ತೆರಿಗೆ ಕಟ್ಟಿ ಬಂದೋರ ಥರ ಕೂತಿದಾರೆ. ಗೋಲು ಹೊಡೆಯೋರು ನನ್ನ ಹತ್ರ ಇದಾರಯ್ಯ, ಕುಣಿಯೋನು ಇರ್ಲಿಲ್ಲ. ನಿನ್ನ ಕುಣಿತ ನೋಡಿ, ನಿಂತ ಕಾಲಲ್ಲೇ ಯಂತ್ರ ಕೊಟ್ಬಿಟ್ಟೆ!"

ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಗೋಲಿ ಕೂಡ ಒಲ್ಲದ ಮನಸ್ಸಿನಿಂದ ಪಕ್ಕಕ್ಕೆ ಸರಿದ.

"ಇನ್ನು ಆರೇ ದಿನ," ಮ್ಯಾನೇಜರನ ಕಣ್ಣುಗಳು ಹೊಳೆಯುತ್ತಿದ್ದವು. "ಹೊಸ ವರ್ಷದ ದಿನ ನಮ್ಮೂರಲ್ಲಿ ಇದೇ ಸ್ಕೆಲ್ಬಿ ಜೊತೆ ಮರುಪಂದ್ಯ. ಹನ್ನೊಂದರಲ್ಲಿ ಮೊದಲ ಹೆಸರು ನಿಂದೇ. ಒಂದು ಗೋಲು ಹೊಡಿ, ಹೊಡೆದು ಆ ಸಾಸೇಜ್ ಧಣಿ ಮುಂದೆ ಇವತ್ತಿನ ಥರಾನೇ ಕುಣಿ. ವಿಮಾನ, ಬೇಲಿ, ಬಾವುಟ, ನಾಲಿಗೆ, ಒಂದೂ ಬಿಡಬೇಡ! ಏನಂತೀಯ?"

ಟೆರಿ ಕಿಟಕಿಯಾಚೆ ನೋಡಿದ. ಸ್ಕೆಲ್ಬಿ ಮೈದಾನದ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಬೆರಳು ಮಡಿಚಿ ಇಪ್ಪತ್ತು ತಂಡವನ್ನೂ ಎಣಿಸಿದ. ಒಂದೂ ಉಳಿಯಲಿಲ್ಲ.

"ಗೋಲು ಬೇಕಾದ್ರೆ ಹೊಡೀತೀನಿ ಯಜಮಾನ್ರೇ," ಎಂದ. "ಕುಣಿಯೋಕಾಗಲ್ಲ. ಸ್ಕೆಲ್ಬಿ ನನ್ನ ಹಳೇ ಕ್ಲಬ್ಬು."